ಅಮ್ಮನಿಗೆ ಕಾಣುವ ಆ ಮಕ್ಕಳು ಯಾರು?

ಪ್ರಶ್ನೆ: ನಮ್ಮ ಅಮ್ಮನಿಗೆ 76 ವರ್ಷ. ಮ್ಯಾಕ್ಯುಲಾ ಸವೆಯುವ ಕಾಯಿಲೆಯಿಂದ ಎರಡೂ ಕಣ್ಣಿನ ನಡುಭಾಗದ ದೃಷ್ಟಿ ಹೋಗಿದೆ. ಎರಡು ತಿಂಗಳಿಂದ ಸಂಜೆ ಹೊತ್ತು ಗೋಡೆ ತುಂಬ ಬಳ್ಳಿಯ ಚಿತ್ತಾರ, ಟೋಪಿ ಹಾಕಿದ ಪುಟ್ಟ ಮಕ್ಕಳು ಕಾಣುತ್ತವಂತೆ. ‘ಅಲ್ಲಿ ಯಾರೂ ಇಲ್ಲ ಅಂತ ನನಗೂ ಗೊತ್ತು’ ಅನ್ನುತ್ತಾರೆ. ಉಳಿದ ಎಲ್ಲದರಲ್ಲೂ ಚುರುಕಾಗಿದ್ದಾರೆ. ಇದು ಅರಳು ಮರಳಾ? ಕಣ್ಣಿನ ಕಾಯಿಲೆ ಮೆದುಳಿಗೂ ಹರಡುತ್ತಾ?

ಉತ್ತರ: ‘ಯಾರೂ ಇಲ್ಲ ಅಂತ ಗೊತ್ತು’ ಎಂದರಲ್ಲ, ನಿಮ್ಮ ಅಮ್ಮನ ಆ ಮಾತೇ ಇಲ್ಲಿ ಮುಖ್ಯ. ನೀವು ಬರೆದಿದ್ದನ್ನು ನೋಡಿದರೆ ಇದು ಚಾರ್ಲ್ಸ್ ಬೊನೆ ಸಿಂಡ್ರೋಮ್ ಇರಬಹುದು, ಅಂದರೆ ದೃಷ್ಟಿ ಕಳೆದುಕೊಂಡವರಿಗೆ ಇಲ್ಲದ ಚಿತ್ರಗಳು ಕಾಣುವ ಸ್ಥಿತಿ. ಬೊನೆ ಸ್ವಿಟ್ಜರ್ಲೆಂಡಿನ ವಿಜ್ಞಾನಿ. ಪೊರೆಯಿಂದ ದೃಷ್ಟಿ ಕಳೆದುಕೊಂಡಿದ್ದ ಅವರ ತಾತನಿಗೆ ಜನ, ಹಕ್ಕಿ, ಗಾಡಿ, ಕಟ್ಟಡಗಳು ಕಾಣುತ್ತಿದ್ದವು. ತಾತನ ಬುದ್ಧಿ ಮಾತ್ರ ನೆಟ್ಟಗಿತ್ತು. ಅದನ್ನು ಬೊನೆ 1760ರಲ್ಲೇ ಬರೆದಿಟ್ಟರು.

ಹೀಗೇಕೆ ಆಗುತ್ತದೆ? ನಾವು ನೋಡುವುದು ಕಣ್ಣಿನಿಂದಷ್ಟೇ ಅಲ್ಲ. ಕಣ್ಣು ಸುದ್ದಿ ಕಳಿಸುತ್ತದೆ, ಚಿತ್ರ ಕಟ್ಟುವುದು ತಲೆಯ ಹಿಂಭಾಗದಲ್ಲಿರುವ ಮೆದುಳಿನ ಭಾಗ. ಮ್ಯಾಕ್ಯುಲಾ ಎಂಬುದು ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ನಡುವಿನ ಪುಟ್ಟ ಚುಕ್ಕೆಯಷ್ಟೇ. ಆದರೆ ಅದರ ಸುದ್ದಿಗಾಗಿ ಮೆದುಳು ಬಹು ದೊಡ್ಡ ಜಾಗ ಮೀಸಲಿಟ್ಟಿದೆ. ಸುದ್ದಿ ನಿಂತುಹೋದಾಗ ಆ ಜಾಗ ಸುಮ್ನೆ ಕೂರುವುದಿಲ್ಲ, ತಾನೇ ಚಿತ್ರ ಕಟ್ಟತೊಡಗುತ್ತದೆ. 1998ರಲ್ಲಿ ಇಂಥವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದ್ದರು. ಇಲ್ಲದ ಮುಖ ಕಂಡಾಗ ಮುಖ ಗುರುತಿಸುವ ಭಾಗ, ಇಲ್ಲದ ಬಣ್ಣ ಕಂಡಾಗ ಬಣ್ಣದ ಭಾಗ ಚುರುಕಾಗಿತ್ತು. ಅಂದರೆ ಅಮ್ಮ ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜಕ್ಕೂ ಕಾಣುತ್ತಿದೆ.

ಮೆದುಳು ಖಾಲಿ ಜಾಗ ತುಂಬುವುದನ್ನು ನೀವೇ ನೋಡಬಹುದು. ಎಡಗಣ್ಣು ಮುಚ್ಚಿ. ಎರಡೂ ಕೈ ಚಾಚಿ ಹೆಬ್ಬೆರಳುಗಳನ್ನು ಜೋಡಿಸಿ ಎತ್ತಿ ಹಿಡಿಯಿರಿ. ಎಡ ಹೆಬ್ಬೆರಳನ್ನೇ ದಿಟ್ಟಿಸುತ್ತಾ ಬಲಗೈಯನ್ನು ನಿಧಾನಕ್ಕೆ ಬಲಕ್ಕೆ ಸರಿಸಿ. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದೂರ ಹೋದಾಗ ಬಲ ಹೆಬ್ಬೆರಳಿನ ತುದಿ ಮಾಯ! ಎಲ್ಲರ ಕಣ್ಣಲ್ಲೂ ಇರುವ ಕುರುಡು ಚುಕ್ಕೆಗೆ ಅದು ಸಿಕ್ಕಿಬಿದ್ದಿದೆ. ಆದರೂ ಅಲ್ಲಿ ಕಪ್ಪು ತೂತು ಕಾಣುವುದಿಲ್ಲ, ಹಿಂದಿನ ಗೋಡೆಯನ್ನೇ ಮೆದುಳು ಅಲ್ಲಿಗೆ ಎಳೆದು ಹಚ್ಚಿರುತ್ತದೆ. ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಕಾಯಿಲೆಯಲ್ಲಿ ಅಂಚಿನ ದೃಷ್ಟಿ ಹೋದರೂ ಎಷ್ಟೋ ಜನರಿಗೆ ತಿಳಿಯದಿರುವುದಕ್ಕೆ ಇದೂ ಒಂದು ಕಾರಣ. ನನಗೆ ಜಾಸ್ತಿ ಭಯ ಹುಟ್ಟಿಸುವುದು ಇದೇ.

ಇನ್ನು ಹರಡುವ ವಿಷಯ. ಮ್ಯಾಕ್ಯುಲಾ ಕಾಯಿಲೆ ಸೋಂಕಿನ ಹಾಗೆ ಮೆದುಳಿಗೆ ದಾಟುವುದಿಲ್ಲ. ಆದರೆ ವರ್ಷಗಟ್ಟಲೆ ಸುದ್ದಿ ಬರದಿದ್ದರೆ ದೃಷ್ಟಿಯ ಭಾಗ ಸ್ವಲ್ಪ ತೆಳುವಾಗಬಹುದು. ಅದೇ ಮೆದುಳು ಹೊಸದನ್ನೂ ಕಲಿಯುತ್ತದೆ. ನಡುಭಾಗ ಹೋದವರು ಕಣ್ಣನ್ನು ತುಸು ಓರೆ ಮಾಡಿ, ಉಳಿದ ರೆಟಿನಾದಿಂದ ನೋಡುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಇದನ್ನು ಕಲಿಸುವ ಲೋ ವಿಷನ್ ತರಬೇತಿ ಇದೆ, ಕಣ್ಣಿನ ವೈದ್ಯರನ್ನು ಕೇಳಿ.

ಮರೆವಿನ ಕಾಯಿಲೆಯ ಭಯವೂ ನಿಮಗಿದೆ ಅಲ್ವಾ? ಚಿಕಿತ್ಸೆ ಮಾಡಿಸದೆ ಬಿಟ್ಟ ದೃಷ್ಟಿದೋಷವನ್ನು 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಡಿಮೆನ್ಷಿಯಾದ (ಮರೆವಿನ ಕಾಯಿಲೆಯ) ಅಪಾಯಗಳ ಪಟ್ಟಿಗೆ ಸೇರಿಸಿತು. ಅದಕ್ಕೇ ಅಮ್ಮನಿಗೆ ಪೊರೆಯೂ ಇದೆಯಾ, ಕನ್ನಡಕದ ನಂಬರ್ ಸರಿ ಇದೆಯಾ ಎಂದು ಒಮ್ಮೆ ನೋಡಿಸಿ. ಸರಿಮಾಡಬಹುದಾದಷ್ಟನ್ನು ಸರಿಮಾಡಿಸಿ. ಜನರೊಂದಿಗೆ ಮಾತು, ಓಡಾಟ ನಿಲ್ಲದಿರಲಿ. ಹಾಗಂತ ಈಗ ಕಾಣುವ ಮಕ್ಕಳು ಡಿಮೆನ್ಷಿಯಾದ ಗುರುತು ಎಂದುಕೊಳ್ಳಬೇಡಿ.

ಚಿತ್ರ ಬಂದಾಗ ದೀಪ ಹಾಕಿ. ಕಣ್ಣು ಮಿಟುಕಿಸಲು, ತಲೆ ಅಲ್ಲಾಡಿಸದೆ ನೋಟವನ್ನು ಎಡಕ್ಕೆ ಬಲಕ್ಕೆ ಹಲವು ಸಲ ಹೊರಳಿಸಲು ಹೇಳಿ. ಕೆಲವರಿಗೆ ಇಷ್ಟಕ್ಕೇ ಮಾಯವಾಗುತ್ತದೆ. ಬಹಳ ಜನರಿಗೆ ಕಾಲ ಕಳೆದಂತೆ ಕಡಿಮೆಯಾಗುತ್ತದೆ.

ಆದರೂ ವೈದ್ಯರಿಗೆ ಒಮ್ಮೆ ತೋರಿಸಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ಯಿರಿ. ಕೆಲವು ಮಾತ್ರೆಗಳಿಂದಲೂ ಹೀಗೆ ಆಗುವುದುಂಟು. ಧ್ವನಿಯೂ ಕೇಳಿಸತೊಡಗಿದರೆ, ಕಂಡಿದ್ದನ್ನು ನಿಜವೆಂದೇ ನಂಬಿದರೆ, ದಿಢೀರನೆ ಗೊಂದಲವಾದರೆ ತಡ ಮಾಡಬೇಡಿ.

ಮತ್ತೆ, ‘ಹುಚ್ಚಿ ಅಂದುಕೊಂಡಾರು’ ಎಂಬ ಹೆದರಿಕೆಯಿಂದ ಎಷ್ಟೋ ಹಿರಿಯರು ಇದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ನಿಮ್ಮ ಅಮ್ಮ ಹೇಳಿದ್ದಾರೆ. ಇವತ್ತು ಸಂಜೆ ಪಕ್ಕದಲ್ಲಿ ಕೂತು, ‘ಮಕ್ಕಳು ಬಂದ್ರಾ? ಏನು ಮಾಡ್ತಿದ್ದಾರೆ?’ ಎಂದು ಕೇಳಿ.