ಅಡ್ವೈಸ್‌ನಲ್ಲಿ ‘ಸಿ’ ಯಾವಾಗ, ‘ಎಸ್’ ಯಾವಾಗ?

ನಿಮ್ಮ ಪ್ರಶ್ನೆ ಇದು: ಮೇಲ್‌ನಲ್ಲಿ ‘ಪ್ಲೀಸ್ ಅಡ್ವೈಸ್’ ಎಂದು ‘ಸಿ’ ಹಾಕಿ ಬರೆದಿರಿ, ಮೇಲಧಿಕಾರಿ ಅದನ್ನು ‘ಎಸ್’ ಎಂದು ತಿದ್ದಿದರು. ಅದೇ ಮೇಲ್‌ನ ‘ಥ್ಯಾಂಕ್ಸ್ ಫಾರ್ ಯುವರ್ ಅಡ್ವೈಸ್’ನಲ್ಲಿದ್ದ ‘ಸಿ’ಯನ್ನು ಹಾಗೇ ಬಿಟ್ಟರು. ಯಾಕೆ?

ಅವರು ಮಾಡಿದ್ದು ಸರಿ. ‘ಸಿ’ ಇದ್ದರೆ ನಾಮಪದ: ಸಲಹೆ. ‘ಎಸ್’ ಇದ್ದರೆ ಕ್ರಿಯಾಪದ: ಸಲಹೆ ಕೊಡು. ‘ಪ್ಲೀಸ್’ ಆದಮೇಲೆ ಬರಬೇಕಾದದ್ದು ‘ಕೊಡಿ’ ಎನ್ನುವ ಕೆಲಸ, ಅದಕ್ಕೇ ಅಲ್ಲಿ ‘ಎಸ್’. ‘ಯುವರ್’ ಆದಮೇಲೆ ಬರುವುದು ನಿಮ್ಮ ಏನೋ ಒಂದು, ಅಂದರೆ ನಾಮಪದ. ಎರಡೂ ಇಂಗ್ಲಿಷಿನಲ್ಲಿ ಇರುವ ಪದಗಳೇ ಆದ್ದರಿಂದ ಬರೀ ಸ್ಪೆಲಿಂಗ್ ನೋಡುವ ತಂತ್ರಾಂಶ ಈ ತಪ್ಪಿಗೆ ಕೆಂಪು ಗೆರೆ ಎಳೆಯುವುದಿಲ್ಲ.

ನಮಗೆ ಇದು ಇಷ್ಟು ಗೊಂದಲ ಮಾಡುವುದಕ್ಕೆ ಕಾರಣ ಉಚ್ಚಾರಣೆ. ಇಂಗ್ಲಿಷಿನಲ್ಲಿ ಇವು ಒಂದೇ ಸದ್ದಿನ ಪದಗಳಲ್ಲ. ನಾಮಪದದ ಕೊನೆಗೆ ‘ಸ್’, ಕ್ರಿಯಾಪದದ ಕೊನೆಗೆ ‘ಜ಼್’: ಅಡ್ವೈಸ್, ಅಡ್ವೈಜ಼್. ಆ ಚುಕ್ಕೆ ಇಟ್ಟ ‘ಜ಼’ ಕನ್ನಡದ ಸ್ವಂತ ಧ್ವನಿಯಲ್ಲ. ಅರ್ಜಿ, ಜಮೀನು, ಜಿಲ್ಲೆ ಮೂಲದಲ್ಲಿ ಆ ಸದ್ದಿನ ಪದಗಳೇ, ನಮ್ಮಲ್ಲಿಗೆ ಬಂದಮೇಲೆ ನಮ್ಮ ‘ಜ’ ಆದವು. ಹಾಗಾಗಿ ಎರಡನ್ನೂ ‘ಅಡ್ವೈಸ್’ ಎಂದೇ ಹೇಳುತ್ತೇವೆ, ಬರೆಯುವಾಗ ಕಿವಿ ನೆರವಿಗೆ ಬರುವುದಿಲ್ಲ.

ಸದ್ದು ಕಲಿಯುವುದು ಕಷ್ಟವಲ್ಲ. ಗಂಟಲ ಮೇಲೆ ಎರಡು ಬೆರಳಿಟ್ಟು ‘ಸ್ಸ್ಸ್’ ಎಂದು ಎಳೆಯಿರಿ: ಬರೀ ಗಾಳಿ, ಬೆರಳಿಗೆ ಏನೂ ತಾಗದು. ನಾಲಿಗೆಯನ್ನು ಅಲ್ಲೇ ಇಟ್ಟು ಗಂಟಲಿನಿಂದ ಸ್ವರ ಸೇರಿಸಿ, ದುಂಬಿ ಗುಂಯ್‌ಗುಡುವ ಹಾಗೆ. ಬೆರಳಿಗೆ ನಡುಕ ಗೊತ್ತಾಗುತ್ತದೆ. ಅದೇ ‘ಜ಼’. ನಾಲಿಗೆ ಮೇಲಕ್ಕೆ ಹೋಗಿ ಅಂಗುಳಿಗೆ ಒತ್ತಿಬಿಟ್ಟರೆ ನಮ್ಮ ‘ಜ’ ಆಗಿ ‘ಅಡ್ವೈಜ್’ ಎಂದು ಕೇಳಿಸುತ್ತದೆ. ಇನ್ನೊಂದು ಗುರುತು: ‘ಜ಼’ ಮುಂದಿರುವಾಗ ‘ವೈ’ ತುಸು ಉದ್ದವಾಗುತ್ತದೆ, ‘ಸ’ ಇದ್ದರೆ ಗಿಡ್ಡ.

ಇದು ಈ ಒಂದು ಜೋಡಿಯ ಹಟವೂ ಅಲ್ಲ. ಯೂಸ್ (ಉಪಯೋಗ), ಯೂಜ಼್ (ಉಪಯೋಗಿಸು). ಹೌಸ್ (ಮನೆ), ಹೌಜ಼್ (ಇರಲು ಜಾಗ ಕೊಡು). ಅಲ್ಲೂ ನಾಮಪದಕ್ಕೆ ಗಾಳಿ, ಕ್ರಿಯಾಪದಕ್ಕೆ ನಡುಕ, ಕಾಗುಣಿತ ಮಾತ್ರ ಬದಲಾಗಿಲ್ಲ. ಡಿವೈಸ್ (ಉಪಕರಣ), ಡಿವೈಜ಼್ (ಉಪಾಯ ಹೂಡು) ಜೋಡಿಯಲ್ಲಿ ಕಾಗುಣಿತವೂ ಬದಲಾಗುತ್ತದೆ.

ಬರೆಯುವಾಗ ಅನುಮಾನ ಬಂದರೆ ಆ ಜಾಗದಲ್ಲಿ ಕನ್ನಡ ಹಾಕಿ ನೋಡಿ. ‘ಸಲಹೆ’ ಸಾಕಾದರೆ ‘ಸಿ’, ‘ಸಲಹೆ ಕೊಡು’ ಬೇಕಾದರೆ ‘ಎಸ್’. ಎಡವುವ ಜಾಗ ಒಂದಿದೆ: ‘ಗಿವ್ ಮಿ ಸಮ್ ಅಡ್ವೈಸ್’. ಅಲ್ಲಿ ‘ಕೊಡು’ವನ್ನು ‘ಗಿವ್’ ಆಗಲೇ ಹೊತ್ತಿದೆ, ಉಳಿದದ್ದು ಬರೀ ಸಲಹೆ, ಹಾಗಾಗಿ ‘ಸಿ’. ‘ಇಡಿ’ ಅಥವಾ ‘ಐಎನ್‌ಜಿ’ ಅಂಟಿದರೆ ಯೋಚಿಸುವುದೇ ಬೇಡ, ‘ಎಸ್’.

ಕಾಗುಣಿತ ಸರಿಯಾದ ಮೇಲೂ ಎರಡು ತಪ್ಪು ಉಳಿಯುತ್ತವೆ. ಕನ್ನಡದಲ್ಲಿ ಒಂದು ಸಲಹೆ, ಹತ್ತು ಸಲಹೆಗಳು ಎಂದು ಎಣಿಸುತ್ತೇವೆ. ಇಂಗ್ಲಿಷಿನಲ್ಲಿ ಇದು ನೀರಿನ ಹಾಗೆ, ಎಣಿಕೆಗೆ ಸಿಗದು. ‘ಆ್ಯನ್ ಅಡ್ವೈಸ್’ ತಪ್ಪು, ‘ಎ ಪೀಸ್ ಆಫ್ ಅಡ್ವೈಸ್’ ಅಥವಾ ‘ಸಮ್ ಅಡ್ವೈಸ್’ ಸರಿ. ಬ್ಯಾಂಕು, ಅಕೌಂಟ್ಸ್ ವಿಭಾಗದ ‘ಪೇಮೆಂಟ್ ಅಡ್ವೈಸ್’ ಬೇರೆ ಮಾತು: ಅದು ಸಲಹೆಯಲ್ಲ, ಯಾವ ಬಿಲ್ಲಿಗೆ ಎಷ್ಟು ಹಣ ಹೋಯಿತು ಎಂದು ತಿಳಿಸುವ ಪತ್ರ. ಅದನ್ನು ಎಣಿಸಬಹುದು.

ಎರಡನೆಯದು ನಮ್ಮ ‘ನನಗೆ’ಯಿಂದ ಬರುವ ತಪ್ಪು. ‘ಡಾಕ್ಟರ್ ನನಗೆ ಸಲಹೆ ಕೊಟ್ಟರು’ ಎಂಬ ಚತುರ್ಥಿಯನ್ನು ಹಾಗೇ ಎತ್ತಿಟ್ಟು ‘ಅಡ್ವೈಜ಼್ಡ್ ಟು ಮಿ’ ಎಂದು ಬರೆಯುತ್ತಾರೆ. ‘ಟು’ ಬೇಡ: ‘ದ ಡಾಕ್ಟರ್ ಅಡ್ವೈಜ಼್ಡ್ ಮಿ ಟು ರೆಸ್ಟ್’. ‘ಟು’ ಬರುವುದು ಮಾಡಬೇಕಾದ ಕೆಲಸದ ಹಿಂದೆ, ಮನುಷ್ಯನ ಹಿಂದೆ ಅಲ್ಲ.

ಇದು ಮನಸ್ಸಿನಲ್ಲಿ ಕೂತಮೇಲೆ ಪ್ರಾಕ್ಟೀಸ್, ಲೈಸೆನ್ಸ್ ಕೂಡ ಹತ್ತಿರವಾಗುತ್ತವೆ. ಅವೆರಡರಲ್ಲಿ ಉಚ್ಚಾರಣೆ ಬದಲಾಗುವುದಿಲ್ಲ, ಗಂಟಲ ಪರೀಕ್ಷೆ ನಡೆಯದು. ಆದರೆ ನಾವು ಅನುಸರಿಸುವ ಬ್ರಿಟಿಷ್ ಪದ್ಧತಿಯಲ್ಲಿ ನಿಯಮ ಅದೇ: ನಾಮಪದಕ್ಕೆ ‘ಸಿ’, ಕ್ರಿಯಾಪದಕ್ಕೆ ‘ಎಸ್’. 1988ರ ಮೋಟಾರು ವಾಹನ ಕಾಯ್ದೆ ಡ್ರೈವಿಂಗ್ ಲೈಸೆನ್ಸನ್ನು ‘ಸಿ’ಯಿಂದಲೇ ಬರೆದಿದೆ. ಅಮೆರಿಕದವರು ಪ್ರಾಕ್ಟೀಸಿಗೆ ಯಾವಾಗಲೂ ‘ಸಿ’, ಲೈಸೆನ್ಸಿಗೆ ಯಾವಾಗಲೂ ‘ಎಸ್’ ಹಾಕುತ್ತಾರೆ, ಆದ್ದರಿಂದ ಅಲ್ಲಿನ ಕಂಪನಿಗೆ ಬರೆಯುವಾಗ ಅವರದ್ದನ್ನೇ ಬಳಸಿ. ಅಡ್ವೈಸ್ ಮಾತ್ರ ಎರಡೂ ಕಡೆ ಒಂದೇ.