ಮಂಗಳ ಕೆಂಪು, ಚಂದ್ರ ಬೂದು: ಎರಡೂ ಕಲ್ಲೇ ಅಲ್ವಾ?

ಹೌದು, ಎರಡೂ ಕಲ್ಲೇ. ಆದರೆ ಬಣ್ಣ ಕೊಡುವುದು ಕಲ್ಲಿನೊಳಗಿನ ಖನಿಜಗಳು, ಅದರಲ್ಲೂ ಮುಖ್ಯವಾಗಿ ಕಬ್ಬಿಣ. ಆ ಕಬ್ಬಿಣ ತುಕ್ಕು ಹಿಡಿದಿದ್ದರೆ ನೆಲ ಕೆಂಪು. ಇಲ್ಲದಿದ್ದರೆ ಸಾಮಾನ್ಯವಾಗಿ ಕಪ್ಪು, ಬೂದು.

ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಸೇರಿರುತ್ತವೆ. ತುಕ್ಕು ಅದರಲ್ಲಿ ನೀಲಿ, ಹಸಿರನ್ನು ಜಾಸ್ತಿ ಹೀರಿಕೊಂಡು ಕೆಂಪನ್ನು ವಾಪಸ್ ಕಳಿಸುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಅದೇ.

ನಾನಿರುವುದು ಗೋವಾದ ಫೋಂಡಾದಲ್ಲಿ. ಮಳೆಗಾಲದಲ್ಲಿ ಸುಮ್ನೆ ಅಂಗಡಿಗೆ ಹೋಗಿ ಬಂದರೂ ಪ್ಯಾಂಟಿನ ಅಂಚು ಕೆಂಪು, ಎಷ್ಟು ಉಜ್ಜಿದರೂ ಕಲೆ ಬಿಡುವುದಿಲ್ಲ. ಇಲ್ಲಿನ ಮುರಕಲ್ಲು, ಕೆಂಪು ಮಣ್ಣು ಎಲ್ಲ ಹಳೇ ಬಂಡೆಗಳು ಮಳೆಗೆ ಕೊಳೆತು ಆದದ್ದು. ಕರಗುವುದೆಲ್ಲ ತೊಳೆದುಹೋಯಿತು, ಕಬ್ಬಿಣದ ತುಕ್ಕು ಉಳಿಯಿತು. ಪುಣೆ ಕಡೆಯ ಕಪ್ಪು ಕಲ್ಲಿನಲ್ಲೂ ಕಬ್ಬಿಣ ಬೇಕಾದಷ್ಟಿದೆ. ಅದನ್ನು ಒಡೆದು ನೋಡಿ, ಗಾಳಿ-ನೀರು ಮುಟ್ಟದ ಒಳಭಾಗ ಕಪ್ಪಗೇ ಇರುತ್ತದೆ.

ಮಂಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಕೆಂಪಗಿರುವುದು ಮೇಲಿನ ಧೂಳು. 2013ರಲ್ಲಿ ಕ್ಯೂರಿಯಾಸಿಟಿ ರೋವರ್ ಅಲ್ಲಿನ ಬಂಡೆಗೆ ಸಣ್ಣ ತೂತು ಕೊರೆಯಿತು. ಹೊರಬಂದ ಪುಡಿ ಬೂದು ಬಣ್ಣದ್ದು! ಕೆಂಪು ನೆಲದ ಮೇಲೆ ಆ ಬೂದು ಗುಪ್ಪೆಯ ಫೋಟೋ ನನಗೆ ತುಂಬಾ ಇಷ್ಟ.

ಚಂದ್ರನಲ್ಲಿ ಉಸಿರಾಡುವಂಥ ಗಾಳಿ ಇಲ್ಲ, ಹರಿಯುವ ನೀರಿಲ್ಲ. ಹಾಗಾಗಿ ತುಕ್ಕು ತೀರಾ ಕಡಿಮೆ. ಅಲ್ಲಿ ಕಾಣುವ ಕಪ್ಪು ಕಲೆಗಳು ಲಾವಾ ಆರಿ ಆದ ಬಸಾಲ್ಟ್, ಅಂದರೆ ನಮ್ಮ ಪುಣೆಯ ಕಪ್ಪು ಕಲ್ಲಿನ ಜಾತಿಯದೇ. ಬೆಳ್ಳಗಿರುವ ಭಾಗದಲ್ಲಿ ಫೆಲ್ಡ್‌ಸ್ಪಾರ್ ಎಂಬ ತಿಳಿ ಬಣ್ಣದ ಖನಿಜ ಜಾಸ್ತಿ, ಕಬ್ಬಿಣ ಕಡಿಮೆ.