ತೂಕ ಜಾಸ್ತಿ, ಗೊರಕೆಯೂ ಜಾಸ್ತಿ: ಮೊದಲು ತೂಕ ಇಳಿಸಿ, ಆಮೇಲೆ ಸ್ಲೀಪ್ ಟೆಸ್ಟ್ ಮಾಡಿಸಿದರೆ ಸಾಲದಾ?

"ಮೊದಲು ತೂಕ ಇಳಿಸುತ್ತೇನೆ" ಅಂತ ನಾನೂ ಹೇಳಿದ್ದೆ. ಆಗ 108 ಕೆಜಿ ಇದ್ದೆ. ಮನೆ ಉಡುಪಿ, ಕೆಲಸ ಮಂಗಳೂರು. ಬಸ್ಸು ಹತ್ತಿದರೆ ಕಾಪು ಬರುವ ಮೊದಲೇ ನಿದ್ರೆ, ಟಿಕೆಟಿಗೆ ಕಂಡಕ್ಟರ್ ಹೆಗಲು ತಟ್ಟಬೇಕಿತ್ತು. ರಾತ್ರಿಯಿಡೀ ಆಟ ನೋಡಿ ಬಂದದ್ದಾ ಅಂತ ಆಫೀಸಿನಲ್ಲಿ ತಮಾಷೆ. ಯಕ್ಷಗಾನ ನೋಡದೆ ವರ್ಷಗಳೇ ಆಗಿದ್ದವು ಮಾರಾಯ್ರೆ, ಹತ್ತಕ್ಕೇ ಮಲಗುತ್ತಿದ್ದೆ.

ಹೆಂಡತಿಯ ಕಾಟಕ್ಕೆ ಟೆಸ್ಟ್ ಮಾಡಿಸಿದೆ, ಸ್ಲೀಪ್ ಅಪ್ನಿಯಾ, ಅಂದರೆ ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇದೆಯಾ ಅಂತ ನೋಡಲು. ರಿಪೋರ್ಟಿನಲ್ಲಿ ಎಎಚ್‌ಐ 34 ಅಂತ ಇತ್ತು. ನಾನು ಕೆಟ್ಟದ್ದು ಇಲ್ಲೇ. ಅದನ್ನು ನೂರಕ್ಕೆ 34 ಅಂತ ಓದಿದೆ. ಅರ್ಧವೂ ಇಲ್ಲ, ಈಗಷ್ಟೇ ಶುರುವಾಗಿರಬೇಕು ಅಂತ ನಾನೇ ಲೆಕ್ಕ ಹಾಕಿಕೊಂಡೆ. ಡಾಕ್ಟರ್ ಏನೇನೋ ಹೇಳಿ "ಅರ್ಥ ಆಯ್ತಲ್ಲ?" ಅಂದರು, ಹೊರಗೆ ಜನ ಕಾಯುತ್ತಿದ್ದರು, ಡಿಗ್ರಿ ಮಾಡಿದವನು ಇಷ್ಟು ಕೇಳುವುದಾ ಅಂತ ನಾಚಿಕೆ ಬೇರೆ, "ಆಯ್ತು ಸರ್" ಅಂದೆ. ಆಗಿರಲಿಲ್ಲ. ಫೈಲು ಕರೆಂಟ್ ಬಿಲ್ಲುಗಳ ಕೆಳಗೆ ಹೋಯಿತು. ಒಂದೂವರೆ ವರ್ಷ ವಾಕಿಂಗ್ ಮಾಡಿದೆ. ಇಳಿದದ್ದು 3 ಕೆಜಿ, ಏರಿದ್ದು ಬಿಪಿ.

ಒಂದು ಭಾನುವಾರ ಮಲ್ಪೆಯಿಂದ ಮೀನು ತರುವಾಗ ಸ್ಕೂಟರಿನ ಮೇಲೆಯೇ ಕಣ್ಣು ಹತ್ತಿತು. ರಸ್ತೆ ತುಂಬ ಬಂಗುಡೆ, ನನ್ನ ಭುಜದ ಮೂಳೆ ಎರಡು ತುಂಡು. ಆಪರೇಷನ್ನಿಗೆ ಮೊದಲು ಅರಿವಳಿಕೆ ಡಾಕ್ಟರ್ ಬಂದು ಗೊರಕೆ ಬಗ್ಗೆ ಕೇಳಿ, ಟೇಪು ಹಿಡಿದು ಕುತ್ತಿಗೆ ಅಳೆದರು. 44 ಸೆಂಟಿಮೀಟರ್. 40 ದಾಟಿದರೇ ಅನುಮಾನ ಪಡಬೇಕಂತೆ, ಅಲ್ಲಿ ಸೇರಿದ ಕೊಬ್ಬು ನಿದ್ರೆಯಲ್ಲಿ ಉಸಿರಿನ ದಾರಿಯನ್ನೇ ಒತ್ತುತ್ತದೆ. ಹಳೇ ರಿಪೋರ್ಟ್ ನೋಡಿದವರು, "ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ" ಅಂದರು. ಹಿಡಿದೆ. "ಇದು ಒಂದು. ಉಸಿರು ನಿಂತದ್ದೋ, ತೀರಾ ಇಳಿದದ್ದೋ, ಹೀಗೆ ಗಂಟೆಗೆ 34 ಸಲ. 5ರ ಒಳಗಿರಬೇಕು, 30 ಆದರೆ ತೀವ್ರ."

ಹಾಗಾಗಿ ಮೊದಲು ಇದಾ ಅದಾ ಅನ್ನುವ ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ತೂಕ ಇಳಿಸಿ, ಒಳ್ಳೆಯದೇ, ಅದರಿಂದ ಈ ಕಾಯಿಲೆಯೂ ಇಳಿಯುತ್ತದೆ. ಆದರೆ ಅಲ್ಲಿಯವರೆಗೆ ದಿನಾ ರಾತ್ರಿ ಉಸಿರು ಕಟ್ಟುತ್ತಲೇ ಇರುತ್ತದೆ ಅಲ್ವಾ? ನಿದ್ರೆಯೇ ಇಲ್ಲದವನು ಬೆಳಿಗ್ಗೆ ಎದ್ದು ಯಾವ ವಾಕಿಂಗ್ ಮಾಡುತ್ತಾನೆ? ನನಗೆ ಸಿಪ್ಯಾಪ್ ಮಷೀನು ಕೊಟ್ಟರು, ಮಾಸ್ಕಿನಿಂದ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವಂಥದ್ದು. ಮಾಸ್ಕ್ ಹಾಕಿದ ಮೊದಲ ವಾರ ಹೆಂಡತಿಗೆ ನಗು, ನನಗೆ ಸಿಟ್ಟು. ಈಗ ಅದಿಲ್ಲದೆ ಮಲಗುವುದಿಲ್ಲ. ನಿದ್ರೆ ಸರಿ ಇಲ್ಲ ಅಂತ ಸುಮ್ನೆ ನಿದ್ರೆಮಾತ್ರೆ ನುಂಗಬೇಡಿ, ಕುಡಿಯುವುದೂ ಬೇಡ, ಗಂಟಲು ಇನ್ನೂ ಸಡಿಲವಾಗುತ್ತದೆ.

ಡಾಕ್ಟರ ಹತ್ತಿರ ಹೋಗುವಾಗ ರಾತ್ರಿ ಪಕ್ಕದಲ್ಲಿ ಮಲಗುವವರನ್ನೂ ಕರೆದುಕೊಂಡು ಹೋಗಿ. ಗೊರಕೆ ನಡುವೆ ನಿಂತದ್ದು ಕೇಳಿಸುವುದು ಅವರಿಗೆ, ನಿಮಗಲ್ಲ.